ತಮ್ಮನ ಬಾಗಿಲಿಗೆ ಎದುರಾಗಿ ಹಾಕಿದ ಮೇಜು

ಕೂತ್ಕೊಳ್ಳಿ, ಎಲ್ಲರೂ ಕೂತ್ಕೊಳ್ಳಿ. ಬೈಬಲ್ ಮಾತ್ರ ಮುಚ್ಚಬೇಡಿ. ಬೆರಳು ಇಪ್ಪತ್ತಮೂರನೇ ಕೀರ್ತನೆಯಲ್ಲೇ ಇರಲಿ, ಇವತ್ತು ನಮ್ಮ ಕೆಲಸ ಅಲ್ಲೇ ಇದೆ.

ಈ ಕೀರ್ತನೆ ಗೊತ್ತಿಲ್ಲದವರು ಯಾರಾದರೂ ಇದ್ದರೆ ಕೈ ಎತ್ತಿ. ಯಾರೂ ಇಲ್ಲ. ಸಂತೋಷ. ಹಾಗಾದರೆ ಮೊದಲಿಂದ ಕೊನೆಯವರೆಗೆ, ಪುಸ್ತಕ ನೋಡದೆ, ಪೂರ್ತಿ ಹೇಳಬಲ್ಲವರು ಕೈ ಎತ್ತಿ. ನೋಡಿ, ಈಗ ಎಲ್ಲರೂ ಫ್ಯಾನ್ ನೋಡ್ತಾ ಇದ್ದೀರಿ! ಶಾಂತರಾಜಣ್ಣ, ನೀವು ನಗಬೇಡಿ, ನೀವೂ ಕೈ ಎತ್ತಲಿಲ್ಲ, ನಾನು ಇಲ್ಲಿಂದ ನೋಡಿದೆ.

ಹೋಗಲಿ ಬಿಡಿ. ಒಂದು ಕಥೆ ಹೇಳ್ತೀನಿ.

ಒಬ್ಬ ಶ್ರೀಮಂತ. ಅವನ ಊರು ಯಾವುದು ಅಂತ ಕೇಳಬೇಡಿ. ನಾನು ಹೇಳಿದರೆ ನಿಮ್ಮಲ್ಲಿ ಯಾರೋ ಒಬ್ಬರು ಅದು ನಮ್ಮ ಅತ್ತೆ ಊರು ಅಂತೀರಿ, ಇನ್ನೊಬ್ಬರು ಅವನು ಇಂಥವನೇ ಅಂತ ಹೆಸರು ಹಿಡಿದು ಹೇಳ್ತೀರಿ. ಸಾಹುಕಾರ ಅನ್ನೋಣ, ಸಾಕು. ಟಿಂಬರ್ ಡಿಪೋ ಅವನದು. ತೇಗ, ಹೊನ್ನೆ, ಬೀಟೆ, ಏನು ಬೇಕು ಕೇಳಿ. ಕೆಟ್ಟವನಲ್ಲ. ದೇವಾಲಯದ ಬೆಂಚುಗಳೆಲ್ಲ ಅವನು ಮಾಡಿಸಿಕೊಟ್ಟದ್ದು. ಭಾನುವಾರ ಕೀರ್ತನೆ ಓದುವವನೂ ಅವನೇ. ಏನು ಧ್ವನಿ ಅಂತೀರಿ! ಅವನು ಓದೋಕೆ ನಿಂತರೆ ಮೈಕ್ ಆಫ್ ಮಾಡಬೇಕಾಗಿತ್ತು.

ಈ ಸಾಹುಕಾರನಿಗೆ ಒಬ್ಬ ತಮ್ಮ. ಒಡಹುಟ್ಟಿದ ತಮ್ಮ. ಟೈಲರ್. ಅಣ್ಣನ ಮನೆಗೆ ಸರಿಯಾಗಿ ಎದುರು, ರಸ್ತೆಯ ಆಚೆ ಬದಿಗೆ, ಮುಂದಿನ ಕೋಣೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದ. ಗಾಯನ ಮಂಡಳಿಯವರ ನಿಲುವಂಗಿ ಹೊಲಿಯುತ್ತಿದ್ದವನು ಅವನು. ಇಬ್ಬರ ಬಾಗಿಲೂ ಎದುರುಬದುರು. ಬೆಳಿಗ್ಗೆ ಬಾಗಿಲು ತೆಗೆದರೆ ಮೊದಲು ಕಾಣೋದೇ ಒಬ್ಬರ ಮುಖ ಒಬ್ಬರಿಗೆ.

ಆದರೆ ಇಬ್ಬರಿಗೂ ಒಂಬತ್ತು ವರ್ಷದಿಂದ ಮಾತಿಲ್ಲ.

ಯಾಕೆ? ಕೇಳಿದರೆ ನಗ್ತೀರಿ, ಆಮೇಲೆ ನಿಮಗೂ ಬೇಜಾರಾಗುತ್ತೆ. ಅವರ ತಾಯಿ ತೀರಿಕೊಂಡರು. ಸಮಾಧಿಗೆ ಕಲ್ಲು ಹಾಕಿಸಬೇಕು, ಕಲ್ಲಿನ ಮೇಲೆ ಒಂದು ವಚನ ಬರೆಸಬೇಕು. ತಮ್ಮ ಅಂದ, "ಅಣ್ಣ, ಅಮ್ಮ ದಿನಾ ಎದ್ದ ತಕ್ಷಣ ಹೇಳ್ತಿದ್ದದ್ದು ನೂರ ಇಪ್ಪತ್ತೊಂದನೇ ಕೀರ್ತನೆ. ಬೆಟ್ಟದ ಕಡೆಗೆ ಕಣ್ಣೆತ್ತಿ ನೋಡೋದು. ಅದನ್ನೇ ಬರೆಸೋಣ." ಕೊನೆಯ ಎರಡು ವರ್ಷ ತಾಯಿಯನ್ನು ನೋಡಿಕೊಂಡವನು ತಮ್ಮ. ಅವನಿಗೆ ಗೊತ್ತಿರುತ್ತೆ ಅಲ್ಲವಾ? ಅಣ್ಣ "ನೋಡೋಣ" ಅಂದ. ಅಷ್ಟೇ. ಒಂದು ತಿಂಗಳ ಮೇಲೆ ತಮ್ಮ ಹೂವು ಇಡೋಕೆ ಸಮಾಧಿ ಹತ್ತಿರ ಹೋಗ್ತಾನೆ, ಕಲ್ಲು ಬಂದು ಕೂತಿದೆ! ಕರೀ ಕಲ್ಲು, ಪಳಪಳ ಅಂತಿದೆ. ಮೇಲೆ ಇಪ್ಪತ್ತಮೂರನೇ ಕೀರ್ತನೆಯ ಮೊದಲನೇ ಸಾಲು. ಕೆಳಗೆ, "ಹಿರಿಯ ಮಗನು ಹಾಕಿಸಿದ್ದು." ಕಿರಿಯ ಮಗ ಒಬ್ಬ ಇದ್ದ ಅನ್ನೋದು ಆ ಕಲ್ಲಿಗೆ ಗೊತ್ತೇ ಇಲ್ಲ.

ಮಾತು ನಿಂತಿತು. ನೋಡಿ, ಜನ ಏನೇನಕ್ಕೋ ಜಗಳ ಆಡ್ತಾರೆ. ಇವರು ಕೀರ್ತನೆಗೆ ಜಗಳ ಆಡಿದರು. ಸಮಾಧಾನದ ಮಾತು ಕಲಿಸೋ ಪುಸ್ತಕವನ್ನೇ ಇಟ್ಟುಕೊಂಡು ಸಮಾಧಾನ ಕಳೆದುಕೊಂಡರು. ಇದು ನಮ್ಮಂಥ ಬೈಬಲ್ ಓದುವವರಿಗೆ ಮಾತ್ರ ಸಾಧ್ಯ!

ದೇವಾಲಯದಲ್ಲಿ ಏನಾಯ್ತು ಅಂದರೆ, ನಿಮಗೆ ಗೊತ್ತಲ್ಲ, ಕೀರ್ತನೆಯನ್ನು ನಾವು ಸರತಿಯಲ್ಲಿ ಓದ್ತೀವಿ. ಒಂದು ವಚನ ಓದುವವರು, ಮುಂದಿನ ವಚನ ಸಭೆಯವರು. ಅಲ್ಲೂ ಹಾಗೇ. ಮೊದಲೆಲ್ಲ ಅಣ್ಣ ಒಂದು ವಚನ ಓದಿದರೆ, ಸಭೆಯ ಉತ್ತರಕ್ಕೆ ಮುಂದಾಳು ತಮ್ಮ. ಅವನು ಎತ್ತಿಕೊಟ್ಟರೆ ಇಡೀ ಸಭೆ ಅವನ ಹಿಂದೆ ಬರೋದು. ಜಗಳ ಆದ ಮೇಲೆ ಅಣ್ಣ ಓದ್ತಾನೆ, ತಮ್ಮ ಬಾಯಿ ಮುಚ್ಚಿಕೊಂಡು ಕೂರ್ತಾನೆ. ಒಂಬತ್ತು ವರ್ಷ! ಸಭೆಯ ಉತ್ತರ ಹೇಗಾಯ್ತು ಅಂದರೆ, ಈಗ ನೀವು ಓದಿದಿರಲ್ಲ, ಹಾಗೆ. ಗುಣುಗುಣು, ಗುಣುಗುಣು, ಆಮೆನ್.

ಹೀಗಿರೋವಾಗ ಸಾಹುಕಾರ ಮನೆ ಮೇಲೆ ಮನೆ ಕಟ್ಟಿಸಿದ. ಮಹಡಿ ಮುಗಿಯಿತು. ದೇವರಿಗೆ ಸ್ತೋತ್ರ ಹೇಳಿ ಸಭೆಗೆಲ್ಲ ಊಟ ಹಾಕಬೇಕು ಅಂತ ಮನಸ್ಸಾಯ್ತು. ಒಳ್ಳೇ ಮನಸ್ಸೇ. ಯಾವ ಕೀರ್ತನೆ ಓದೋಣ ಅಂತ ಒಂದು ಬೆಳಿಗ್ಗೆ ಕಾಫಿ ಕುಡೀತಾ ಬೈಬಲ್ ತಿರುವಿದ. ಇಪ್ಪತ್ತಮೂರಕ್ಕೆ ಬಂದ. ಒಂದು, ಎರಡು, ಮೂರು, ನಾಲ್ಕು ವಚನ ಓದಿದ. ಐದನೇ ವಚನಕ್ಕೆ ಬಂದವನೇ ತೊಡೆ ತಟ್ಟಿದ.

"ಸಿಕ್ತು ಕಣೇ!" ಅಂದ ಹೆಂಡತಿಗೆ. "ಕೇಳು ಇಲ್ಲಿ. ನನ್ನ ವೈರಿಗಳ ಎದುರಿನಲ್ಲೇ ನೀನು ನನಗೆ ಊಟವನ್ನು ಅಣಿಮಾಡುತ್ತೀ. ಎದುರಿನಲ್ಲೇ! ನಮ್ಮ ಎದುರಿಗೆ ಯಾರಿದ್ದಾನೆ?"

ಹೆಂಡತಿ ಕಿಟಕಿಯಿಂದ ರಸ್ತೆಯ ಆಚೆ ನೋಡಿದಳು. ಮೈದುನ ಸೂಜಿಗೆ ದಾರ ಪೋಣಿಸ್ತಾ ಕೂತಿದ್ದ. ಅವಳು ಅಂದಳು, "ರೀ, ದೇವರು ಊಟ ಬಡಿಸ್ತಾನೆ ಅಂತ ಅಲ್ಲಿ ಬರೆದಿದೆ. ನೀವು ಹೊಟ್ಟೆ ಉರಿಸ್ತೀನಿ ಅಂತ ಓದ್ತಾ ಇದ್ದೀರಲ್ಲ."

ಎಷ್ಟು ಚೆನ್ನಾಗಿ ಹೇಳಿದಳು ನೋಡಿ! ಅಲ್ಲಿಗೇ ಪ್ರಸಂಗ ಮುಗಿಸಿ ನಾವು ಮನೆಗೆ ಹೋಗಬಹುದಿತ್ತು. ಆದರೆ ಹೆಂಡತಿ ಮಾಡುವ ಪ್ರಸಂಗ ಯಾವ ಗಂಡ ಕೇಳಿದ್ದಾನೆ? ಹೆಂಗಸರು ಈಗ ಆಮೆನ್ ಅನ್ನಬಹುದು.

ಶಾಮಿಯಾನದವನು ಬಂದ. "ಸಾಹುಕಾರ್ರೇ, ಹಿಂದುಗಡೆ ಹಲಸಿನ ಮರದ ನೆರಳಿದೆ, ಜಾಗ ಬೇಕಾದಷ್ಟಿದೆ, ಅಲ್ಲೇ ಹಾಕ್ತೀನಿ" ಅಂದ. "ಬೇಡ. ಮುಂದೆ ಹಾಕು. ರಸ್ತೆ ಕಡೆ ಬಟ್ಟೆ ಕಟ್ಟಬೇಡ, ಬಿಟ್ಟಿರು." "ಬಿಸಿಲು ಹೊಡೆಯುತ್ತೆ, ಜನಕ್ಕೆ ಕಣ್ಣು ಬಿಡೋಕಾಗಲ್ಲ." "ಹೊಡೀಲಿ. ಬೈಬಲ್‌ನಲ್ಲಿ ಹೀಗೇ ಬರೆದಿದೆ." ಆ ಮನುಷ್ಯ ಪಾಪ ಮುಸ್ಲಿಂ, ಬೈಬಲ್‌ನಲ್ಲಿ ಶಾಮಿಯಾನ ಹಾಕೋ ದಿಕ್ಕು ಕೂಡ ಇರುತ್ತಾ ಅಂತ ಆಶ್ಚರ್ಯಪಟ್ಟುಕೊಂಡು ಗೂಟ ಹೊಡೆದ.

ಇಷ್ಟಕ್ಕೇ ಬಿಟ್ಟನಾ? ಇಲ್ಲ. ಡಿಪೋದಿಂದ ತೇಗದ ಹಲಗೆ ತರಿಸಿ, ಇಪ್ಪತ್ತು ಅಡಿ ಉದ್ದದ ಮೇಜು ಮಾಡಿಸಿದ. ಮೇಜಿನ ತಲೆಯ ಕಡೆ ತನ್ನ ಕುರ್ಚಿ, ಕುರ್ಚಿಯ ಮುಖ ತಮ್ಮನ ಬಾಗಿಲಿಗೆ. ಸಭೆಯ ಎಲ್ಲ ಮನೆಗೂ ಹೋಗಿ ಕರೆದ. ಒಂದು ಮನೆ ಬಿಟ್ಟು. ಅವರ ಸಭೆಯ ಅಯ್ಯನವರು, ನನ್ನ ಹಾಗೇ ಒಬ್ಬ ಪಾದ್ರಿ, ಕೇಳಿದರು, "ತಮ್ಮನಿಗೆ ಹೇಳಿದಿರಾ?"

"ಅವನೂ ಇರ್ತಾನೆ ಅಯ್ಯನವರೇ" ಅಂದ ಸಾಹುಕಾರ. "ಊಟಕ್ಕಲ್ಲ. ನೋಡೋಕೆ."

ಅಯ್ಯನವರು ಅಂದರು, "ಹಾಗಾದರೆ ಕೀರ್ತನೆ ನಾನು ಓದೋದಿಲ್ಲ. ನೀವೇ ಓದಿ." ಸಾಹುಕಾರ ಖುಷಿಪಟ್ಟ. ಅವನಿಗೆ ಬೇಕಾಗಿದ್ದೂ ಅದೇ. ಲೆಕ್ಕ ಹಾಕಿ ನೋಡಿ, ಆರು ವಚನದ ಕೀರ್ತನೆ. ಒಂದು, ಮೂರು, ಐದು ಓದುವವನಿಗೆ. ಎರಡು, ನಾಲ್ಕು, ಆರು ಸಭೆಗೆ. ಐದನೇ ವಚನ ಸರಿಯಾಗಿ ಅವನ ಬಾಯಿಗೇ ಬರುತ್ತೆ.

ಆ ಭಾನುವಾರ ಬಂತು. ಆರಾಧನೆ ಮುಗಿಸಿ ಮನೆಗೆ ಹೋದ ಜನ ಎಲ್ಲ ಊಟಕ್ಕೆ ಬಂದು ಕೂತರು. ನಡು ಮಧ್ಯಾಹ್ನ. ಬಿರಿಯಾನಿ ಹಂಡೆಯ ಮುಚ್ಚಳ ಇನ್ನೂ ತೆಗೆದಿಲ್ಲ, ಆದರೆ ವಾಸನೆಗೆ ಮುಚ್ಚಳ ಇದೆಯಾ? ಅದು ಆಗಲೇ ರಸ್ತೆ ದಾಟಿ ಟೈಲರ್ ಮನೆಗೆ ಹೋಗಿ ಕೂತಿತ್ತು. ತಮ್ಮ ಏನು ಮಾಡ್ತಿದ್ದ? ಭಾನುವಾರ ಅವನು ಹೊಲಿಯೋದಿಲ್ಲ. ಬಾಗಿಲು ಮುಚ್ಚಿದರೆ ಸೋತೆ ಅಂತ ಆಗುತ್ತೆ, ತೆರೆದರೆ ಆಸೆಪಟ್ಟೆ ಅಂತ ಆಗುತ್ತೆ. ಪಾಪ, ಬಾಗಿಲು ಅರ್ಧ ಮುಚ್ಚಿ, ಹಳೇ ಬಟ್ಟೆ ಮಡಚೋ ನೆವದಲ್ಲಿ ಕೂತಿದ್ದ. ಒಳಗೆ ಅವನ ಹೆಂಡತಿ ಸಾರಿಗೆ ಒಗ್ಗರಣೆ ಹಾಕ್ತಿದ್ದಳು. ಆ ಒಗ್ಗರಣೆಯ ಸದ್ದು ಆಚೆ ಯಾರಿಗೂ ಕೇಳಲಿಲ್ಲ.

ಸಾಹುಕಾರ ಎದ್ದು ನಿಂತ. ಪ್ರಾರ್ಥನೆಗೆ ಅಂತ ಚಪ್ಪಲಿ ಬಿಟ್ಟ. ಬೈಬಲ್ ಮುಚ್ಚಿ ಮೇಜಿನ ಮೇಲೆ ಇಟ್ಟ, ನನಗೆ ಬಾಯಿಪಾಠ ಅಂತ ಗೊತ್ತಾಗಲಿ ಎಂದು.

"ನನ್ನನ್ನು ಕಾಯುವ ಕುರುಬನು ಕರ್ತನೇ, ನನಗೆ ಯಾವ ಕೊರತೆಯೂ ಇಲ್ಲ!" ಬೀದಿಯ ಕೊನೆಯವರೆಗೆ ಕೇಳಿಸಿತು.

ಸಭೆಯವರು ಅಂದರು, "ಹಸಿರು ಹುಲ್ಲಿನಲ್ಲಿ ಮಲಗಿಸುತ್ತಾನೆ, ಶಾಂತವಾದ ನೀರಿನ ಬಳಿಗೆ ನಡೆಸುತ್ತಾನೆ." ಪರವಾಗಿಲ್ಲ, ಹೇಳಿದರು. ಮೂರನೇದು ಸಾಹುಕಾರ ಹೇಳಿದ. ನಾಲ್ಕನೇದು ಸಭೆಯವರದು.

"ಕಗ್ಗತ್ತಲ ಕಣಿವೆಯಲ್ಲಿ..." ಅಂತ ಶುರುಮಾಡಿದರು. ಆಮೇಲೆ? ಪುಸ್ತಕ ಯಾರೂ ತಂದಿಲ್ಲ. ಊಟಕ್ಕೆ ಬರೋವಾಗ ಯಾರು ಬೈಬಲ್ ತರ್ತಾರೆ? ಇವನ ಮುಖ ಅವನು ನೋಡಿದ, ಅವನ ಮುಖ ಇವನು ನೋಡಿದ. ಮೊದಲೇ ಬಿಸಿಲು, ಮೂಗಿಗೆ ಬಿರಿಯಾನಿ ವಾಸನೆ, ವಚನ ಎಲ್ಲಿಂದ ನೆನಪಾಗಬೇಕು? ಇಡೀ ಸಭೆ ಕಗ್ಗತ್ತಲ ಕಣಿವೆಗೆ ಇಳಿದು ಅಲ್ಲೇ ನಿಂತುಬಿಟ್ಟಿತು!

ನಗಿ, ನಗಿ. ಫ್ಯಾನ್ ನೋಡಿದವರೆಲ್ಲ ನಗಬಹುದು.

ಆಗ ರಸ್ತೆಯ ಆಚೆಯಿಂದ ಒಂದು ಧ್ವನಿ ಬಂತು.

"...ಕಣಿವೆಯಲ್ಲಿ ನಡೆದರೂ ನಾನು ಅಂಜುವುದಿಲ್ಲ! ನೀನು ನನ್ನ ಜೊತೆಗಿದ್ದೀ! ನಿನ್ನ ಕೋಲು ನನಗೆ ಧೈರ್ಯ ಕೊಡುತ್ತದೆ!"

ತಮ್ಮ. ಬಾಗಿಲು ಪೂರ್ತಿ ತೆಗೆದು, ಹೊಸಿಲ ಮೇಲೆ ನಿಂತಿದ್ದಾನೆ. ಕೈಯಲ್ಲಿ ಅರ್ಧ ಮಡಚಿದ ಬಟ್ಟೆ, ಕಣ್ಣು ಮುಚ್ಚಿದೆ. ಯೋಚನೆ ಮಾಡಿ ಹೇಳಿದ್ದಲ್ಲ ಅವನು. ಯಾಕೆ ಹೇಳಿದ ಗೊತ್ತಾ? ಚಿಕ್ಕವರಿದ್ದಾಗ ಅವರ ತಾಯಿ ರೊಟ್ಟಿ ತಟ್ಟುವಾಗ ಇಬ್ಬರನ್ನೂ ಒಲೆಯ ಅಕ್ಕಪಕ್ಕ ಕೂರಿಸಿಕೊಂಡು ಕೀರ್ತನೆ ಹೇಳಿಸ್ತಿದ್ದರು. ಒಂದು ವಚನ ದೊಡ್ಡವನು, ಒಂದು ವಚನ ಚಿಕ್ಕವನು. ಒಬ್ಬ ತಡವರಿಸಿದರೆ ಇನ್ನೊಬ್ಬ ಎತ್ತಿಕೊಡಬೇಕು. ಕೀರ್ತನೆ ಪೂರ್ತಿ ಆಗೋವರೆಗೆ ಇಬ್ಬರಿಗೂ ರೊಟ್ಟಿ ಇಲ್ಲ. ಅಷ್ಟು ವರ್ಷದ ಅಭ್ಯಾಸ, ಅರ್ಧಕ್ಕೆ ನಿಂತ ವಚನ ಕಿವಿಗೆ ಬಿದ್ದರೆ ಆ ಬಾಯಿ ಸುಮ್ಮನಿರುತ್ತಾ? ಒಂಬತ್ತು ವರ್ಷ ಬಿಗಿಹಿಡಿದ ಬಾಯಿ ತನ್ನಷ್ಟಕ್ಕೆ ತೆರೆದುಕೊಂಡಿತು.

ಈಗ ಯಾರ ಸರದಿ? ಅಣ್ಣನದು. ಎಷ್ಟನೇ ವಚನ? ಐದನೇದು.

ಕುರ್ಚಿ ಆ ದಿಕ್ಕಿಗೇ ಇದೆ. ಬಟ್ಟೆ ಕಟ್ಟಿಲ್ಲ, ಮರೆ ಇಲ್ಲ. ಎಲ್ಲ ಅವನು ಅಂದುಕೊಂಡ ಹಾಗೇ ಇದೆ. ಬಾಯಿ ತೆಗೆದ. "ನನ್ನ ವೈ..." ಅಂದ. ಮುಂದೆ ಬರಲಿಲ್ಲ. ಮತ್ತೆ ಶುರುಮಾಡಿದ, "ನನ್ನ ವೈರಿ..." ಹೇಗೆ ಹೇಳ್ತಾನೆ ಹೇಳಿ? ನೀನು ನನ್ನ ಜೊತೆಗಿದ್ದೀ ಅನ್ನೋ ಮಾತನ್ನು ಈಗ ತಾನೇ ಎತ್ತಿಕೊಟ್ಟವನ ಮುಖಕ್ಕೆ, ನೀನು ನನ್ನ ವೈರಿ ಅಂತ ಹೇಗೆ ಹೇಳ್ತಾನೆ? ಅಷ್ಟು ದೊಡ್ಡ ಧ್ವನಿಯ ಮನುಷ್ಯ, ಮೈಕ್ ಬೇಡದ ಮನುಷ್ಯ, ಇನ್ನೂರು ಜನರ ಮುಂದೆ ಬಾಯಿಪಾಠ ಇದ್ದ ವಚನಕ್ಕೆ ಸಿಕ್ಕಿಹಾಕಿಕೊಂಡು ನಿಂತ. ಅವನಿಗೆ ಆಗ ತುಂಬ ನಾಚಿಕೆಯಾಯಿತು.

ಆಮೇಲೆ ಏನು ಮಾಡಿದ ಅಂತೀರಿ? ಕುರ್ಚಿ ಹಿಂದಕ್ಕೆ ತಳ್ಳಿದ. ರಸ್ತೆಗೆ ಇಳಿದ. ಚಪ್ಪಲಿ ಹಾಕಿಕೊಳ್ಳೋದು ಮರೆತೇಹೋಗಿತ್ತು! ಮಧ್ಯಾಹ್ನದ ಡಾಂಬರು ರಸ್ತೆ, ದೋಸೆ ಹುಯ್ಯಬಹುದು. ನೂರು ಕೇಜಿ ತೂಕದ ಸಾಹುಕಾರ, ಬಿಳೀ ಪಂಚೆ ಎತ್ತಿ ಹಿಡಿದು, ಆ ಕಾಲು ಎತ್ತಿ ಈ ಕಾಲು ಇಟ್ಟು ಕುಣಿಯುತ್ತಾ ಹೋಗ್ತಿದ್ದಾನೆ. ಜನ ನಗಬೇಕೋ ಅಳಬೇಕೋ ತಿಳಿಯದೆ ಎದ್ದು ನಿಂತರು.

"ಏಯ್, ಊಟಕ್ಕೆ ಬಾರೋ" ಅಂದ.

"ಕರೆದಿಲ್ಲವಲ್ಲ ಅಣ್ಣ" ಅಂದ ತಮ್ಮ.

"ಈಗ ಕರೀತಾ ಇಲ್ವೇನೋ? ಕಾಲು ಸುಡ್ತಾ ಇದೆ, ಬೇಗ ಬಾ."

ತಮ್ಮ ಅಲ್ಲಾಡಲಿಲ್ಲ. ತಾನು ಮೆಟ್ಟಿದ್ದ ರಬ್ಬರ್ ಚಪ್ಪಲಿ ಬಿಟ್ಟು, ಅಣ್ಣನ ಕಾಲ ಹತ್ತಿರ ಸರಿಸಿದ. "ಮೊದಲು ಇದನ್ನು ಹಾಕ್ಕೋ."

ಹಾಕಿಕೊಂಡ. ಹಿಮ್ಮಡಿ ಹೊರಗೇ ಉಳಿಯಿತು. ಹಾಗೇ ನಿಂತು ಹೇಳಿದ, "ಅಮ್ಮನ ಕಲ್ಲಿನ ವಿಷಯದಲ್ಲಿ ನಿನ್ನನ್ನ ಕೇಳಬೇಕಾಗಿತ್ತು. ನಿನ್ನ ಹೆಸರು ಬಿಟ್ಟದ್ದು ತಪ್ಪು. ಬೇಕು ಅಂತಲೇ ಬಿಟ್ಟೆ. ನೋಡಿಕೊಂಡವನು ನೀನು, ಅದಕ್ಕೆ ನನಗೆ ಹೊಟ್ಟೆಕಿಚ್ಚು. ತಪ್ಪಾಯ್ತು ಕಣೋ."

ತಮ್ಮ ಕೈಲಿದ್ದ ಬಟ್ಟೆಯಲ್ಲೇ ಮುಖ ಒರೆಸಿಕೊಂಡ. "ನಾನೇನು ಕಮ್ಮಿಯಾ? ನಿನ್ನ ಮೇಲಿನ ಸಿಟ್ಟಿಗೆ ಒಂಬತ್ತು ವರ್ಷ ದೇವರ ಮುಂದೆ ಬಾಯಿ ಮುಚ್ಚಿಕೊಂಡು ಕೂತೆ. ನಾನು ಉತ್ತರ ಕೊಡದೆ ಇದ್ದದ್ದು ನಿನಗಲ್ಲ ಅಣ್ಣ, ಆತನಿಗೆ. ಇವತ್ತು ಅದು ಗೊತ್ತಾಯ್ತು."

ಆಮೇಲೆ ಕೇಳಿದ, "ಐದನೇ ವಚನ ಯಾಕೆ ನಿಲ್ಲಿಸಿದೆ? ವೈರಿ ಅಂದರೆ ನಾನೇನಾ?"

"ಮತ್ತೆ ಇನ್ಯಾರು? ಈ ಬೀದೀಲಿ ನನಗೆ ಇನ್ಯಾವ ವೈರಿ ಇದ್ದಾನೆ ತೋರಿಸು!"

ಇಬ್ಬರೂ ನಕ್ಕರು ನೋಡಿ! ಆ ನಗುವಿಗೆ ಇಡೀ ಶಾಮಿಯಾನ ನಕ್ಕಿತು. ಸಾಹುಕಾರನ ಹೆಂಡತಿ ಓಡಿಬಂದು ಓರಗಿತ್ತಿಯ ಅಡುಗೆಮನೆಗೆ ಹೋಗಿ, ಒಗ್ಗರಣೆ ಹಾಕಿದ್ದ ಸಾರಿನ ಪಾತ್ರೆಯನ್ನೇ ಎತ್ತಿಕೊಂಡು ಬಂದಳು. "ಬಿರಿಯಾನಿ ಜೊತೆ ಇದೂ ಇರಲಿ" ಅಂದಳು. ತೇಗದ ಮೇಜಿಗೆ ಎರಡು ಕುರ್ಚಿ ಹೆಚ್ಚಿಗೆ ಬಂತು. ಅಯ್ಯನವರು ಕೇಳಿದರು, "ಸಾಹುಕಾರ್ರೇ, ಈಗ ಐದನೇ ವಚನ ಹೇಳ್ತೀರಾ?" ಹೇಳಿದ. ತಮ್ಮನ ಹೆಗಲ ಮೇಲೆ ಕೈ ಹಾಕಿಕೊಂಡು ಹೇಳಿದ. ಆರನೇ ವಚನಕ್ಕೆ ತಮ್ಮ ಧ್ವನಿ ಎತ್ತಿಕೊಟ್ಟ. ಒಳ್ಳೆಯದೂ ಕರುಣೆಯೂ ಬದುಕಿರುವವರೆಗೂ ನನ್ನ ಬೆನ್ನಿಗೇ ಬರುವವು ಅಂತ ಸಭೆ ಒಂದೇ ಬಾಯಲ್ಲಿ ಹೇಳಿದ್ದು, ಒಂಬತ್ತು ವರ್ಷದಲ್ಲಿ ಅದೇ ಮೊದಲ ಸಲ.

ಕಥೆ ಅಷ್ಟೇ. ಅವರು ಊಟ ಮಾಡ್ಲಿ. ನಾವು ನಮ್ಮ ಕಡೆ ತಿರುಗೋಣ.

ಈಗ ನನಗೆ ಹೇಳಿ, ಆ ಮೇಜು ಅಣಿಮಾಡಿದ್ದು ಯಾರು? ಸಾಹುಕಾರ ನಾನು ಅಂದುಕೊಂಡಿದ್ದ. ತೇಗ ನನ್ನದು, ಬಿರಿಯಾನಿ ನನ್ನದು, ದಿಕ್ಕು ನಾನು ಹೇಳಿದ್ದು. ಕೀರ್ತನೆ ಏನು ಹೇಳುತ್ತೆ? ನೀನು ಅಣಿಮಾಡುತ್ತೀ. ನೀನು! ಊಟ ದೇವರದು. ದೇವರು ಯಾಕೆ ವೈರಿಯ ಎದುರಿಗೇ ಊಟ ಇಡ್ತಾನೆ? ಅವನಿಗೆ ಬಾಯಲ್ಲಿ ನೀರೂರಲಿ ಅಂತಲಾ? ಅಲ್ಲ, ಪ್ರಿಯರೇ. ಕರೆದರೆ ಕೇಳಿಸುವಷ್ಟು ಹತ್ತಿರದಲ್ಲಿ ಇರಲಿ ಅಂತ. ಎದುರಿಗೆ ಇದ್ದರೆ ತಾನೇ ಕರೆಯೋಕಾಗೋದು! ನಾವೆಲ್ಲ ವೈರಿಗಳಾಗಿದ್ದಾಗಲೇ ನಮ್ಮನ್ನು ಊಟಕ್ಕೆ ಕರೆದ ದೇವರು ಆತ. ಕರ್ತನ ಭೋಜನದ ಮೇಜಿನ ಮುಂದೆ ಮೊಣಕಾಲೂರಿ ನಾವು ರೊಟ್ಟಿ ತೆಗೆದುಕೊಳ್ಳೋದು ಇನ್ನೇನು ಅಂತ ತಿಳ್ಕೊಂಡಿದ್ದೀರಿ?

ನಾವು ಕೀರ್ತನೆಗಳನ್ನ ಏನು ಮಾಡ್ತಿದ್ದೀವಿ? ದೇವರೇ ನನ್ನ ಆಶ್ರಯ ಅನ್ನೋ ತೊಂಬತ್ತೊಂದನೇದನ್ನ ಬಾಗಿಲ ಮೇಲೆ ಅಂಟಿಸಿದ್ದೀವಿ, ಅದೇ ಬಾಗಿಲಲ್ಲಿ ಪಕ್ಕದ ಮನೆಯವರು ಬಂದರೆ ಮುಖ ಊದಿಸಿಕೊಳ್ತೀವಿ. ಇನ್ನು ಕೆಲವರು, ಅಯ್ಯೋ, ಬೆಳಿಗ್ಗೆ ಎದ್ದು ಕೀರ್ತನೆಯಲ್ಲಿ ವೈರಿಗಳು ನಾಶವಾಗೋ ವಚನ ಹುಡುಕಿ ಹುಡುಕಿ ಫೋನಿನ ಸ್ಟೇಟಸ್‌ಗೆ ಹಾಕ್ತೀರಿ. ಯಾರಿಗೆ ಅದು? ನಾದಿನಿಗೆ! ನಾದಿನಿ ನೋಡಿದಳಾ ಅಂತ ಹತ್ತು ಸಲ ತೆಗೆದು ನೋಡ್ತೀರಿ. ಅವಳೂ ಸುಮ್ಮನಿರ್ತಾಳಾ, ಇನ್ನೊಂದು ಕೀರ್ತನೆ ಹುಡುಕಿ ಹಾಕ್ತಾಳೆ. ದೇವರ ವಾಕ್ಯವನ್ನ ಕಲ್ಲು ಮಾಡಿ ಒಬ್ಬರಿಗೊಬ್ಬರು ಎಸೆದುಕೊಳ್ತಿದ್ದೀವಿ. ಈ ವಾರದಿಂದ ಅದನ್ನ ನಿಲ್ಲಿಸಿ. ವಚನ ಕಳಿಸಬೇಕು ಅಂತಿದ್ದರೆ ನೇರವಾಗಿ ಅವರಿಗೇ ಕಳಿಸಿ, ಕೆಳಗೆ "ಭಾನುವಾರ ಊಟಕ್ಕೆ ಬಾ" ಅಂತ ಬರೆಯಿರಿ.

ಇನ್ನು ಬೆಳಿಗ್ಗೆ ಕೀರ್ತನೆ ಓದುವಾಗ ವೈರಿ ಅನ್ನೋ ಮಾತು ಬಂದರೆ ಓದಿಕೊಂಡು ಓಡಬೇಡಿ. ಅಲ್ಲಿ ನಿಲ್ಲಿ. ಯಾರ ಮುಖ ಬಂತು ನೋಡಿ. ಈಗಲೇ ಯಾರೋ ಒಬ್ಬರ ಮುಖ ಬಂದಿದೆ ಅಲ್ಲವಾ? ನಾನು ಹೆಸರು ಹೇಳದಿದ್ದರೂ ಬಂದಿದೆ. ಅವರೇ. ಅವರ ಬಗ್ಗೆ ಪ್ರಾರ್ಥನೆ ಮಾಡ್ತೀನಿ ಅಯ್ಯನವರೇ ಅಂತ ನನಗೆ ಹೇಳಬೇಡಿ. ಪ್ರಾರ್ಥನೆ ಮಾಡಿ, ಆಮೇಲೆ ಎದ್ದು ರಸ್ತೆ ದಾಟಿ. ಅವರೇ ಮೊದಲು ಬರಲಿ ಅಂತೀರಾ? ಸಾಹುಕಾರ ಹಾಗೆ ಅಂದುಕೊಂಡಿದ್ದರೆ ಇನ್ನೂ ಅಲ್ಲೇ ನಿಂತು "ವೈ... ವೈ..." ಅಂತಿರುತ್ತಿದ್ದ.

ಈಗ ಮುಕ್ತಾಯದ ಹಾಡಿಗೆ ಏಳಬೇಕು. ಇವತ್ತು ಹಾಡು ಬೇಡ, ಆಮೇಲೆ ನೋಡೋಣ. ಆಶೀರ್ವಾದವನ್ನೂ ನಾನು ಈಗಲೇ ಹೇಳೋದಿಲ್ಲ. ಐದು ನಿಮಿಷ ಕೊಡ್ತೀನಿ. ಆ ಮುಖದವರು ಇದೇ ದೇವಾಲಯದಲ್ಲಿ ಬೇರೆ ಬೆಂಚಿನಲ್ಲಿ ಕೂತಿದ್ದರೆ, ಎದ್ದು ಹೋಗಿ ಅವರ ಪಕ್ಕ ಕೂತ್ಕೊಳ್ಳಿ. ಗಾಯನ ಮಂಡಳಿಯವರೇ, ಇದು ನಿಮಗೂ ಸೇರಿ. ಅವರು ಇಲ್ಲಿಲ್ಲದಿದ್ದರೆ, ಫೋನ್ ತಂದಿದ್ದೀರಿ ಅಂತ ನನಗೆ ಗೊತ್ತು, ಒಳಗೆ ಫೋನ್ ತೆಗೆಯಬೇಡಿ ಅಂತ ಪ್ರತಿ ವಾರ ಗದರಿಸೋನೂ ನಾನೇ. ಇವತ್ತೊಂದು ದಿನ ತೆಗೆಯಿರಿ. ಮನೋಹರಿ ಟೀಚರ್, ಆ ಪಕ್ಕದ ಬಾಗಿಲು ತೆಗೆದುಬಿಡಿ, ಮಾತಾಡುವವರು ವರಾಂಡಕ್ಕೆ ಹೋಗಲಿ.

ನಾನೂ ಪೀಠದಿಂದ ಇಳೀತೀನಿ. ನನ್ನ ಹೆಂಡತಿಯ ಅಣ್ಣನಿಗೆ ಫೋನ್ ಮಾಡಬೇಕು. ಎರಡು ವರ್ಷ ಆಯ್ತು ಮಾತಾಡಿ, ತಪ್ಪು ನನ್ನದೇ. ಅವನು ಎತ್ತೋದಿಲ್ಲ ಅನ್ಸುತ್ತೆ. ಎತ್ತದಿದ್ದರೆ ಮತ್ತೆ ಮಾಡ್ತೀನಿ.

ಏಳಿ, ಹೋಗಿ.